ಬಿಲ್ ನೋಡುವ ಮೊದಲು ಗಾಡಿಯ ತಳ ನೋಡಿ

ಹದಿನೈದು ವರ್ಷದ ಹಳೇ ವ್ಯಾಗನ್‌ಆರ್‌ಗೆ ಮೂವತ್ತೈದು ಸಾವಿರ ರೂಪಾಯಿ ಸುರಿಯಬೇಕೋ ಬೇಡವೋ? 2024ರ ಬೇಸಿಗೆಯಲ್ಲಿ ಈ ಪ್ರಶ್ನೆ ಎದುರಾದಾಗ ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ‘ಬಂದಷ್ಟಕ್ಕ ಕೊಟ್ಟುಬಿಡ್ರಿ ಸರ.’ ಗಾಡಿ ಮಾರಿದರೆ ಬರುವುದೇ ಲಕ್ಷದೊಳಗೆ, ಅದರ ಮೂರರಲ್ಲೊಂದು ಪಾಲನ್ನು ರಿಪೇರಿಗೆ ಹಾಕುವುದು ಶುದ್ಧ ನಷ್ಟ ಎಂಬುದು ಅವರ ಲೆಕ್ಕ. ಮೇಲ್ನೋಟಕ್ಕೆ ಸರಿ ಅನ್ನಿಸುವ ಈ ಲೆಕ್ಕವನ್ನು ನಾನು ಒಪ್ಪಲಿಲ್ಲ. ರಿಪೇರಿ ಬಿಲ್ಲನ್ನು ಗಾಡಿಯ ಮಾರಾಟದ ಬೆಲೆಯ ಜೊತೆ ತೂಗಿದರೆ ಏನೂ ತಿಳಿಯುವುದಿಲ್ಲ. ಅದೇ ದುಡ್ಡಿಗೆ, ಅಥವಾ ಅದಕ್ಕೆ ಇನ್ನೊಂದು ಲಕ್ಷ ಸೇರಿಸಿದರೆ, ಎಂಥ ಗಾಡಿ ಸಿಗುತ್ತದೆ ಎಂಬುದನ್ನು ನೋಡಬೇಕು. ಅದಕ್ಕೂ ಮೊದಲು ಇರುವ ಗಾಡಿಯ ತಳಕ್ಕೆ ಬಗ್ಗಿ ನೋಡಬೇಕು.

ನಮ್ಮದು 2009ರಲ್ಲಿ ನೋಂದಣಿಯಾದ ಕೆಎ-37 ಗಾಡಿ, 1.1 ಲೀಟರ್ ಪೆಟ್ರೋಲ್ ಇಂಜಿನ್. ಸೆಕೆಂಡ್ ಹ್ಯಾಂಡ್ ಆಗಿಯೇ ಕೊಂಡದ್ದು. ಕೊಪ್ಪಳದಿಂದ ಭಾನಾಪುರ, ಕುಕನೂರು ದಾಟಿ ಯಲಬುರ್ಗಾ ಕಡೆಯ ಶಾಲೆಗೆ ಹೋಗಿ ಬರಲು ಆಗ ನನಗೆ ಅದೇ ಆಸರೆ. ಏಪ್ರಿಲ್‌ನ ಒಂದು ಮಧ್ಯಾಹ್ನ ಕುಕನೂರಿನ ಹತ್ತಿರ ಟೆಂಪರೇಚರ್ ಮುಳ್ಳು ಮೇಲಕ್ಕೆ ಹತ್ತಿತು. ಇಂಜಿನ್ ಬಂದ್ ಮಾಡಿ, ಟೋ ಮಾಡಿಸಿ ಗ್ಯಾರೇಜಿಗೆ ತಂದೆವು. ಮಿಸ್ತ್ರಿ ಆಯಿಲ್ ಕ್ಯಾಪ್ ಬಿಚ್ಚಿ ನನಗೆ ತೋರಿಸಿದರು. ಒಳಗೆ ಆಯಿಲ್ ಬೆಳ್ಳಗೆ ನೊರೆಗಟ್ಟಿತ್ತು. ಹೆಡ್ ಗ್ಯಾಸ್ಕೆಟ್ ಸುಟ್ಟು ಕೂಲಂಟ್ ಆಯಿಲ್‌ಗೆ ಸೇರಿದೆ ಎಂಬುದಕ್ಕೆ ಅಷ್ಟು ಸಾಕು.

ಗ್ಯಾಸ್ಕೆಟ್ ಸುಟ್ಟಿದ್ದೇಕೆ? ಕಾರಣ ಸಿಕ್ಕಿದ್ದು ರೇಡಿಯೇಟರ್‌ನಲ್ಲಿ. ಮೇಲಿನ ಟ್ಯಾಂಕ್ ಬಿಚ್ಚಿದಾಗ ಒಳಗಿನ ಸಣ್ಣ ಸಣ್ಣ ಕೊಳವೆಗಳ ಬಾಯಲ್ಲಿ ಬಿಳಿ ಸುಣ್ಣ ಕಟ್ಟಿತ್ತು. ಬೆರಳಿನಿಂದ ಕೆರೆದರೆ ಪುಡಿ ಉದುರುತ್ತಿತ್ತು, ಅರ್ಧದಷ್ಟು ಕೊಳವೆಗಳು ಮುಚ್ಚಿಯೇ ಹೋಗಿದ್ದವು. ನಮ್ಮ ಮನೆಗಳಲ್ಲಿ ನೀರು ಕಾಯಿಸುವ ಕಾಯಿಲ್ ಮೇಲೆ ಕಟ್ಟುತ್ತದಲ್ಲ, ಅದೇ ಸುಣ್ಣ. ಕೊಪ್ಪಳ ಜಿಲ್ಲೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಎಲ್ಲರಿಗೂ ಗೊತ್ತು. ಅದೇ ನೀರಿನ ಗಡಸುತನ ಗಾಡಿಗಳನ್ನು ಹೇಗೆ ತಿನ್ನುತ್ತದೆ ಎಂಬುದರ ಬಗ್ಗೆ ಯಾರೂ ಮಾತಾಡುವುದಿಲ್ಲ. ರೇಡಿಯೇಟರ್ ಒಣಗಿತೆಂದು ದಾರಿಯಲ್ಲಿ ಯಾವುದೋ ಹೊಲದ ಬೋರಿನಿಂದ ಬಾಟಲಿ ತುಂಬಿ ಸುರಿಯುವುದು ಇಲ್ಲಿ ದಿನನಿತ್ಯದ ರೂಢಿ. ಪ್ರತಿಸಲ ಸುರಿದಾಗಲೂ ಒಂದಿಷ್ಟು ಸುಣ್ಣ ಒಳಗೆ ಉಳಿಯುತ್ತದೆ. ನಲವತ್ತು ಡಿಗ್ರಿ ಬಿಸಿಲಲ್ಲಿ ಶಾಖ ಹೊರಹೋಗಲು ದಾರಿಯಿಲ್ಲದೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಹಾಗಾಗಿ ಬರೀ ಗ್ಯಾಸ್ಕೆಟ್ ಬದಲಿಸಿ ಅದೇ ರೇಡಿಯೇಟರ್ ಹಾಕಿದ್ದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಕಥೆಯಾಗುತ್ತಿತ್ತು.

ಮಿಸ್ತ್ರಿ ಬಿಲ್ ಹೇಳುವ ಮೊದಲು ಗಾಡಿಯನ್ನು ರ‍್ಯಾಂಪ್ ಮೇಲೆ ಹತ್ತಿಸಿದರು. ಉದ್ದನೆಯ ಸ್ಕ್ರೂ ಡ್ರೈವರ್ ಹಿಡಿದು ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಚಕ್ರದ ಮೇಲಿನ ಕಮಾನು, ಮುಂದಿನ ಶಾಕ್ ಅಬ್ಸಾರ್ಬರ್ ಕೂಡುವ ಜಾಗ, ಎಲ್ಲ ಕಡೆ ಒತ್ತಿ ನೋಡಿದರು, ಬಡಿದು ಕೇಳಿದರು. ಆಮೇಲೆ ಮ್ಯಾಟ್ ಎತ್ತಿ ಒಳಗಿನ ತಗಡನ್ನೂ ನೋಡಿದರು. ‘ಸರ, ಬಾಡಿ ಗಟ್ಟಿ ಐತ್ರಿ. ಇಂಜಿನ್ ಕೆಟ್ರ ಮಾಡಬಹುದ್ರಿ. ತಳಾ ಹೋದ್ರ ಯಾರೂ ಏನೂ ಮಾಡಾಕ ಬರಂಗಿಲ್ರಿ’ ಅಂದರು. ನನ್ನ ನಿರ್ಧಾರ ಅರ್ಧ ಅಲ್ಲೇ ಆಯಿತು. ಇಂಥ ಸಣ್ಣ ಕಾರುಗಳಿಗೆ ಲಾರಿ, ಜೀಪಿನಂತೆ ಬೇರೆ ಚಾಸಿ ಇರುವುದಿಲ್ಲ. ಬಾಡಿಯೇ ಚಾಸಿ. ಗ್ಯಾಸ್ಕೆಟ್, ಕ್ಲಚ್ ಪ್ಲೇಟ್, ಬುಷ್ ಎಲ್ಲ ಅಂಗಡಿಯಲ್ಲಿ ಸಿಗುತ್ತವೆ. ತುಕ್ಕು ತಿಂದ ತಳ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಳೆ ಕಡಿಮೆ ಬೀಳುವ ಯಲಬುರ್ಗಾ, ಕುಷ್ಟಗಿ ಕಡೆ ಓಡಿದ ಗಾಡಿಗೆ ಆ ಒಣ ಹವೆಯೇ ಒಂದು ವರ. ಕರಾವಳಿಯ ಉಪ್ಪುಗಾಳಿಯಲ್ಲಿ ಅಷ್ಟೇ ವರ್ಷ ನಿಂತ ಗಾಡಿಯ ತಳ ಹೀಗಿರುವುದಿಲ್ಲ.

ಗಂಗಾವತಿ ನಮ್ಮದೇ ಜಿಲ್ಲೆಯಾದರೂ ಅಲ್ಲಿನ ಕಥೆ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆ ಅದು. ಅಕ್ಕನ ಗಂಡ, ನಮ್ಮ ಮಾವ, ಅಲ್ಲಿ ಇಂಡಿಕಾ ಡೀಸೆಲ್ ಇಟ್ಟುಕೊಂಡಿದ್ದರು. ಅವರ ಗಾಡಿಯ ಇಂಜಿನ್ ನನ್ನದಕ್ಕಿಂತ ಎಷ್ಟೋ ವಾಸಿ, ಮುಂಜಾನೆ ಚಳಿಯಲ್ಲೂ ಒಂದೇ ಸೆಲ್ಫ್‌ಗೆ ಚಾಲೂ. ಆದರೆ ಗದ್ದೆಯ ಕೆಸರು ಚಕ್ರದ ಕಮಾನಿನೊಳಗೆ ಮೆತ್ತಿ, ತಿಂಗಳುಗಟ್ಟಲೆ ಹಸಿಯಾಗಿಯೇ ಉಳಿಯುತ್ತಿತ್ತು. ಅದಕ್ಕಿಂತ ದೊಡ್ಡ ಹೊಡೆತ ಗೊಬ್ಬರದ್ದು. ಹಿಂದಿನ ಸೀಟು ಮಡಚಿ ಯೂರಿಯಾ, ಪೊಟ್ಯಾಶ್ ಚೀಲ ಹೇರುತ್ತಿದ್ದರು. ಚೀಲದಿಂದ ಸೋರಿದ ಗೊಬ್ಬರ ಗಾಳಿಯ ತೇವ ಹೀರಿ ತಗಡನ್ನು ಮೇಲಿನಿಂದಲೇ ತಿಂದಿತ್ತು. ಮ್ಯಾಟ್ ಎತ್ತಿದರೆ ಕೆಳಗಿನ ರಸ್ತೆ ಕಾಣುತ್ತಿತ್ತು. ಮಾವ ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸೋಣ ಎಂದು ಹೊರಟಿದ್ದರು. ಬೇಡವೆಂದು ಹಟ ಹಿಡಿದವನು ನಾನೇ. ತುಕ್ಕಿನ ಮೇಲೆ ತಗಡು ಕೂರಿಸಿ ಬೆಸೆದರೆ ಕಣ್ಣಿಗೆ ಚೆಂದ ಕಾಣುತ್ತದೆ, ಡಿಕ್ಕಿಯಾದಾಗ ಒಳಗೆ ಕೂತವರನ್ನು ಕಾಯುವುದಿಲ್ಲ. ಆ ಗಾಡಿಯಲ್ಲಿ ಅಕ್ಕನೂ ಮಕ್ಕಳೂ ಓಡಾಡುತ್ತಿದ್ದರು.

ನನ್ನ ಗಾಡಿಗೆ ಬರುತ್ತೇನೆ. ಹೆಡ್‌ಅನ್ನು ಲೇತ್‌ಗೆ ಕೊಟ್ಟು ಫೇಸಿಂಗ್ ಮಾಡಿಸಿದೆವು. ಹೊಸ ರೇಡಿಯೇಟರ್, ವಾಟರ್ ಪಂಪ್, ಗ್ಯಾಸ್ಕೆಟ್ ಸೆಟ್ ಹಾಕಿಸಿದೆವು. ಹೆಡ್ ಇಳಿಸಲು ಟೈಮಿಂಗ್ ಬೆಲ್ಟ್ ಬಿಚ್ಚಲೇಬೇಕು, ಹಾಗಾಗಿ ಹೊಸ ಬೆಲ್ಟ್‌ಗೆ ಬೇರೆ ಕೂಲಿ ಬೀಳಲಿಲ್ಲ. ಒಂದು ವಿಷಯಕ್ಕೆ ಮಾತ್ರ ನನಗೂ ಮಿಸ್ತ್ರಿಗೂ ವಾದವಾಯಿತು. ಬಿಸಿಲು ಸೀಮೆಯಲ್ಲಿ ಥರ್ಮೋಸ್ಟಾಟ್ ತೆಗೆದು ಎಸೆಯುವುದು ಬಹಳ ಗ್ಯಾರೇಜುಗಳ ರೂಢಿ. ‘ಅದ್ಯಾಕ ಬೇಕ್ರಿ, ನೀರು ಸಲೀಸ ಹರೀಲಿ’ ಅನ್ನುತ್ತಾರೆ. ಆದರೆ ಅದಿಲ್ಲದಿದ್ದರೆ ಇಂಜಿನ್ ಸರಿಯಾದ ಬಿಸಿಗೆ ಬರುವುದೇ ತಡ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಹೊಸ ಥರ್ಮೋಸ್ಟಾಟನ್ನೇ ಹಾಕಿಸಿದೆ. ಈಗ ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್ ಬಿಟ್ಟು ಒಂದು ಹನಿ ಬೋರಿನ ನೀರನ್ನೂ ಅದಕ್ಕೆ ಕುಡಿಸುವುದಿಲ್ಲ. ಡಿಕ್ಕಿಯಲ್ಲಿ ಸದಾ ಒಂದು ಕ್ಯಾನ್ ಇರುತ್ತದೆ.

ಆ ನಡುವೆ ಬೇರೆ ಗಾಡಿಗಳನ್ನೂ ನೋಡದೆ ಇರಲಿಲ್ಲ. ಗಂಗಾವತಿ, ಹೊಸಪೇಟೆಯ ಡೀಲರ್‌ಗಳಲ್ಲಿ ಎರಡು ಲಕ್ಷದ ಆಸುಪಾಸಿನವನ್ನು ನೋಡಿದೆ. ಒಂದು ಬಹಳ ಚೆಂದದ ಡೀಸೆಲ್ ಗಾಡಿ ಅಗ್ಗಕ್ಕೆ ಸಿಗುತ್ತಿತ್ತು, ದೆಹಲಿ ನೋಂದಣಿ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಎಷ್ಟೋ ಗಾಡಿಗಳು ಎನ್‌ಒಸಿ ಹಿಡಿದು ದಕ್ಷಿಣಕ್ಕೆ ಬಂದಿವೆ. ಅಗ್ಗ ಅಂದವರು ಇಲ್ಲಿ ಕಟ್ಟಬೇಕಾದ ತೆರಿಗೆಯ ಮಾತೆತ್ತಲಿಲ್ಲ. ಇನ್ನೊಂದು ಗಾಡಿಯ ಸೀಟ್ ಬೆಲ್ಟನ್ನು ಪೂರ್ತಿ ಕೊನೆಯತನಕ ಎಳೆದೆ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಕಂದು ಗೆರೆ ಇತ್ತು, ಅಂದರೆ ನೀರಲ್ಲಿ ಮುಳುಗೆದ್ದ ಗಾಡಿ. ಸೀಟು, ಕಾರ್ಪೆಟ್ ತೊಳೆಯುವವರು ಬೆಲ್ಟಿನ ಒಳತುದಿಯನ್ನು ತೊಳೆಯುವುದಿಲ್ಲ. ಉಳಿದವು ಒಳ್ಳೆಯವೇ ಇರಬಹುದು. ಆದರೆ ಕೊಂಡ ತಕ್ಷಣ ಟೈರು, ಬ್ಯಾಟರಿ, ಸರ್ವೀಸ್, ಹೆಸರು ವರ್ಗಾವಣೆ ಅಂತ ಅವಕ್ಕೂ ಮೂವತ್ತು ಸಾವಿರ ಬೇಕೇ ಬೇಕಿತ್ತು. ನನ್ನ ಗಾಡಿಯ ರೋಗ ಯಾವುದೆಂದು ನನಗೆ ಗೊತ್ತಿತ್ತು, ಅವುಗಳ ರೋಗ ಗೊತ್ತಿರಲಿಲ್ಲ.

ದೆಹಲಿಯ ಸುದ್ದಿ ಕೇಳಿ ಹದಿನೈದು ವರ್ಷವಾದರೆ ಗಾಡಿ ಗುಜರಿಗೇ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಕರ್ನಾಟಕದಲ್ಲಿ ಹಾಗಿಲ್ಲ. ಆರ್‌ಟಿಒದಲ್ಲಿ ಗಾಡಿ ತೋರಿಸಿ ಪಾಸಾದರೆ ಖಾಸಗಿ ಕಾರಿನ ಆರ್‌ಸಿಯನ್ನು ಐದು ವರ್ಷಕ್ಕೆ ನವೀಕರಿಸಿ ಕೊಡುತ್ತಾರೆ. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ, ಅದರ ಮೇಲೆ ಹಸಿರು ತೆರಿಗೆ. ರಿಪೇರಿ ಲೆಕ್ಕದಲ್ಲಿ ಇದನ್ನೂ ಸೇರಿಸಲೇಬೇಕು. ವಿಮೆಯದೂ ಅಷ್ಟೇ: ಹತ್ತು ವರ್ಷ ದಾಟಿದ ಗಾಡಿಗೆ ಲೋಹದ ಬಿಡಿಭಾಗದ ಬೆಲೆಯಲ್ಲಿ ಅರ್ಧ ಸವಕಳಿ ಎಂದು ಕಳೆದೇ ಕ್ಲೇಮು ಕೊಡುತ್ತಾರೆ. ಹಾಗಾಗಿ ನಾನು ಥರ್ಡ್ ಪಾರ್ಟಿ ವಿಮೆಗೆ ಇಳಿದು, ಉಳಿದ ಹಣವನ್ನು ರಿಪೇರಿಗೆಂದೇ ಬೇರೆ ತೆಗೆದಿಡುತ್ತಿದ್ದೇನೆ.

ಗಾಡಿಯ ಓಟವೂ ಕಡಿಮೆಯಾಗಿದೆ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದಾಗಿನಿಂದ ಹೆಂಡತಿ ಗಂಗಾವತಿಗೆ ಬಸ್ಸಲ್ಲೇ ಹೋಗಿಬರುತ್ತಾಳೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೂ ರೈಲು ಬಂತು, ಆ ಕಡೆಗೂ ಗಾಡಿ ತೆಗೆಯುವುದು ಕಡಿಮೆಯಾಯಿತು. ಓಡುವುದೇ ಇಷ್ಟು ಕಡಿಮೆ ಇರುವಾಗ ಅಂಗಳದಲ್ಲಿ ನಿಲ್ಲುವ ಹೊಸ ಕಾರಿಗೆ ಐದು ವರ್ಷ ಕಂತು ಕಟ್ಟುವುದು ನನ್ನ ಸಂಬಳದಲ್ಲಿ ಜಾಣತನವಲ್ಲ. ಮಾವನ ವಿಷಯ ಹಾಗಲ್ಲ, ಅವರಿಗೆ ದಿನವೂ ಹೊಲ, ರೈಸ್ ಮಿಲ್, ಮಾರ್ಕೆಟ್ ಎಂದು ತಿರುಗಾಟ ಇದ್ದೇ ಇದೆ. ಅವರು ಬೇರೆ ಗಾಡಿ ಕೊಂಡರು, ಗೊಬ್ಬರಕ್ಕೆ ಟಂಟಂ ಬಾಡಿಗೆ ಹಿಡಿಯುತ್ತಾರೆ. ಹಳೇ ಇಂಡಿಕಾವನ್ನು ಗುಜರಿಯವನಿಗೆ ಹಾಗೇ ಕೊಡಲು ನಾನು ಬಿಡಲಿಲ್ಲ. ಆರ್‌ಟಿಒಗೆ ಅರ್ಜಿ ಕೊಟ್ಟು ಆರ್‌ಸಿ ರದ್ದು ಮಾಡಿಸಿದ ಮೇಲೆಯೇ ಗಾಡಿ ಹೊರಗೆ ಹೋಯಿತು. ದಾಖಲೆಯಲ್ಲಿ ಹೆಸರು ಹಾಗೇ ಉಳಿದರೆ, ಅದರ ನಂಬರ್ ಪ್ಲೇಟ್ ಹಾಕಿಕೊಂಡು ಇನ್ನ್ಯಾರೋ ಮಾಡಿದ ಅಪಘಾತಕ್ಕೆ ಪೊಲೀಸರು ಬರುವುದು ಮಾವನ ಮನೆಗೇ.

ನನ್ನ ವ್ಯಾಗನ್‌ಆರ್‌ನ ಆರ್‌ಸಿ 2029ರವರೆಗೆ ಇದೆ. ಅಷ್ಟರೊಳಗೆ ಕ್ಲಚ್ ಹೋದರೆ ಹಾಕಿಸುತ್ತೇನೆ, ಸಸ್ಪೆನ್ಷನ್ ಸಡಿಲಾದರೂ ಹಾಕಿಸುತ್ತೇನೆ. ಪ್ರತಿ ಮಳೆಗಾಲ ಮುಗಿದ ಮೇಲೆ ತಳ ತೊಳೆಸಿ, ಮಿಸ್ತ್ರಿ ಕೈಯಲ್ಲಿ ಅದೇ ಜಾಗಗಳನ್ನು ಒತ್ತಿಸಿ ನೋಡುತ್ತೇನೆ. ಸ್ಕ್ರೂ ಡ್ರೈವರ್ ತಗಡಿನೊಳಗೆ ಇಳಿದ ವರ್ಷ ಗಾಡಿಯನ್ನು ಬಿಡುತ್ತೇನೆ.