ಮೋಡದೊಳಗೆ ಮೈಯ ಮಾತು ಕೇಳಬೇಡಿ: ಹಾರಾಟ ಕಲಿಸುವವನ ಆರು ಪಾಠಗಳು

ಹಾರಾಟ ಕಲಿಯಲು ಬರುವವರಿಗೆ ಎಂಜಿನ್ ಬಗ್ಗೆ, ಗಾಳಿಯ ಬಗ್ಗೆ ಅಳುಕಿರುತ್ತದೆ. ತಮ್ಮ ಕಣ್ಣು, ಕಿವಿಗಳ ಬಗ್ಗೆ ಮಾತ್ರ ಎಳ್ಳಷ್ಟೂ ಅನುಮಾನವಿರುವುದಿಲ್ಲ. ತರಬೇತುದಾರನಾಗಿ ನಾನು ಮೊದಲು ಕದಲಿಸಬೇಕಾದದ್ದು ಆ ಭರವಸೆಯನ್ನೇ. ನೆಲದ ಮೇಲಿನ ಬದುಕಿಗೆ ಒಗ್ಗಿದ ಇಂದ್ರಿಯಗಳು ಕ್ಷಿತಿಜ ಕಾಣದ ಕಡೆ ಸುಳ್ಳು ಸಾಕ್ಷಿ ಹೇಳುತ್ತವೆ, ಅದೂ ಬಹಳ ಖಚಿತವಾದ ದನಿಯಲ್ಲಿ.

1. ತಿರುವಿನ ಅರಿವು ಕೆಲವೇ ಸೆಕೆಂಡುಗಳದ್ದು.
ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತ ನಾಳಗಳಿವೆ. ತಲೆ ತಿರುಗಿದಾಗ ದ್ರವ ಹಿಂದುಳಿಯುತ್ತದೆ. ಅದರಿಂದಲೇ ಮೆದುಳಿಗೆ ತಿರುವು ತಿಳಿಯುತ್ತದೆ. ಚೊಂಬನ್ನು ತಿರುಗಿಸುತ್ತಲೇ ಇದ್ದರೆ ಒಳಗಿನ ನೀರೂ ಅದೇ ವೇಗಕ್ಕೆ ಬರುತ್ತದಲ್ಲ, ಹಾಗೆ ಒಂದೇ ವೇಗದ ತಿರುವಿನಲ್ಲಿ 10–20 ಸೆಕೆಂಡು ಕಳೆದರೆ ಈ ದ್ರವವೂ ನಾಳದ ವೇಗವನ್ನು ಹಿಡಿಯುತ್ತದೆ. ಆಗ ವಿಮಾನ ತಿರುಗುತ್ತಲೇ ಇದ್ದರೂ ನೇರ ಹೋಗುತ್ತಿದ್ದೇವೆ ಅನ್ನಿಸುತ್ತದೆ. ತಿರುವು ನಿಲ್ಲಿಸಿದರೆ ಎದುರು ದಿಕ್ಕಿಗೆ ತಿರುಗಿದ ಭಾಸ. ಅದನ್ನು ಸರಿಪಡಿಸಲು ಹೋದ ಪೈಲಟ್ ಮತ್ತೆ ಮೊದಲಿನ ತಿರುವಿಗೇ ಬೀಳುತ್ತಾನೆ. ಎತ್ತರ ಇಳಿಯುತ್ತಿದೆಯೆಂದು ರೆಕ್ಕೆ ಸಮ ಮಾಡದೆ ಮೂಗು ಎತ್ತಿದರೆ ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ. ಪೈಲಟ್‌ಗಳು ಇದನ್ನು 'ಗ್ರೇವ್‌ಯಾರ್ಡ್ ಸ್ಪೈರಲ್' ಎನ್ನುತ್ತಾರೆ.

2. ಹಾರಾಟದ ಅನುಭವ ಕಿವಿಯನ್ನು ತಿದ್ದುವುದಿಲ್ಲ.
1926ರಲ್ಲಿ ಅಮೆರಿಕ ಸೇನೆಯ ನುರಿತ ಪೈಲಟ್ ವಿಲಿಯಂ ಆಕರ್, ತಿರುಗುವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಾಗ ತಾನು ತಿರುಗುತ್ತಿರುವ ದಿಕ್ಕನ್ನು ಸರಿಯಾಗಿ ಹೇಳಲಾಗಲಿಲ್ಲ. ತಿರುವು ತೋರಿಸುವ ಉಪಕರಣವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕೂತಾಗ ಸರಿಯಾಗಿ ಹೇಳಿದರು. ನನ್ನ ವಿದ್ಯಾರ್ಥಿಗಳನ್ನೂ ಇಂಥ ಕುರ್ಚಿಯಲ್ಲಿ ಕೂರಿಸುತ್ತೇನೆ. ಕಾರಣವನ್ನು ಬಾಯಿಪಾಠ ಮಾಡಿ ಬಂದವರೂ ಕುರ್ಚಿ ನಿಂತ ಮೇಲೆ ಎದುರು ದಿಕ್ಕನ್ನೇ ತೋರಿಸುತ್ತಾರೆ. ಭ್ರಮೆಯ ಕಾರಣ ತಿಳಿದ ಮಾತ್ರಕ್ಕೆ ಭ್ರಮೆ ಹೋಗುವುದಿಲ್ಲ. ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಪೈಲಟ್‌ಗಳಿಗೆ ಈ ಭ್ರಮೆಗಳನ್ನು ನೆಲದ ಮೇಲೇ ಅನುಭವಕ್ಕೆ ತರುವುದು ಇದಕ್ಕಾಗಿಯೇ.

3. ಸಿಗುವ ಸಮಯ ಬಹಳ ಕಡಿಮೆ.
ಇಲಿನಾಯ್ ವಿಶ್ವವಿದ್ಯಾಲಯದ 1954ರ ಅಧ್ಯಯನದಲ್ಲಿ, ಉಪಕರಣ ನೋಡಿ ಹಾರುವ ತರಬೇತಿಯಿಲ್ಲದ 20 ಮಂದಿಯನ್ನು ಹೊರಗೆ ಏನೂ ಕಾಣದ ಸ್ಥಿತಿಗೆ ಒಡ್ಡಲಾಯಿತು. ಇಪ್ಪತ್ತೂ ಮಂದಿ ಹತೋಟಿ ತಪ್ಪಿದರು. ಸರಾಸರಿ ಸಮಯ 178 ಸೆಕೆಂಡು.

4. ವೇಗ ಏರಿದರೆ ಮೂಗು ಎದ್ದಂತೆ ಅನ್ನಿಸುತ್ತದೆ.
ಒಳಗಿವಿಯ ಸೂಕ್ಷ್ಮ ಹರಳುಗಳು ತಲೆ ಹಿಂದಕ್ಕೆ ಬಾಗಿದಾಗಲೂ ಹಿಂದೆ ಸರಿಯುತ್ತವೆ, ವೇಗ ಹೆಚ್ಚಿದಾಗಲೂ ಸರಿಯುತ್ತವೆ. ಎರಡರ ವ್ಯತ್ಯಾಸವನ್ನು ಹೇಳಬೇಕಾದದ್ದು ಕಣ್ಣು. ಕತ್ತಲಲ್ಲಿ ಸಮುದ್ರದ ಕಡೆಗೆ ಟೇಕಾಫ್ ಆಗುವಾಗ ಕಣ್ಣಿಗೆ ಏನೂ ಸಿಗುವುದಿಲ್ಲ. ವಿಮಾನ ಅತಿಯಾಗಿ ಏರುತ್ತಿದೆ ಎಂದುಕೊಂಡು ಪೈಲಟ್ ಮೂಗನ್ನು ನೀರಿನ ಕಡೆಗೆ ಒತ್ತುವ ಅಪಾಯವಿದೆ.

5. ಕಣ್ಣಿನ ಅಳತೆ ಅಭ್ಯಾಸದ ಮೇಲೆ ನಿಂತಿದೆ.
ಅಗಲದ ರನ್‌ವೇಗೆ ಒಗ್ಗಿದ ಕಣ್ಣು ಕಿರಿದಾದ ರನ್‌ವೇ ಕಂಡಾಗ 'ತುಂಬಾ ಎತ್ತರದಲ್ಲಿದ್ದೇವೆ' ಎನ್ನುತ್ತದೆ. ಮುಂದಕ್ಕೆ ಏರುತ್ತಾ ಹೋಗುವ ರನ್‌ವೇ ಕಂಡರೂ ಅಷ್ಟೇ. ಅದನ್ನು ನಂಬಿದವರು ರನ್‌ವೇಗೆ ಮೊದಲೇ ನೆಲಕ್ಕೆ ತಾಗುವಷ್ಟು ಕೆಳಗಿಳಿಯುತ್ತಾರೆ. ರನ್‌ವೇ ಪಕ್ಕದ ನಾಲ್ಕು ಮಾರ್ಗದರ್ಶಿ ದೀಪಗಳನ್ನು ನೋಡಿ: ಎರಡು ಬಿಳಿ, ಎರಡು ಕೆಂಪಾದರೆ ದಾರಿ ಸರಿ, ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೀರಿ. ರಾತ್ರಿ ಒಂಟಿ ದೀಪವನ್ನು ದಿಟ್ಟಿಸಬೇಡಿ, ನಿಂತ ದೀಪವೂ ಚಲಿಸುವಂತೆ ಕಾಣುತ್ತದೆ. ನೋಟವನ್ನು ಸರಿಸುತ್ತಿರಿ.

6. ಒಂದೇ ಉಪಕರಣಕ್ಕೆ ಜೋತುಬೀಳಬೇಡಿ.
1978ರ ಜನವರಿ 1ರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 747 'ಎಂಪರರ್ ಅಶೋಕ' ಬಾಂಬೆಯಿಂದ ಹೊರಟ ಕೆಲವೇ ನಿಮಿಷಗಳಲ್ಲಿ ಸಮುದ್ರಕ್ಕೆ ಬಿತ್ತು. 213 ಜನರೂ ಸತ್ತರು. ಕ್ಯಾಪ್ಟನ್ ಮುಂದಿನ ಕ್ಷಿತಿಜ ಸೂಚಕ ಕೆಟ್ಟು, ವಿಮಾನ ಬಲಕ್ಕೆ ವಾಲಿದೆ ಎಂದು ತೋರಿಸುತ್ತಿತ್ತು. ಅದನ್ನು ಸುಳ್ಳೆನ್ನಲು ಹೊರಗೆ ಕ್ಷಿತಿಜ ಕಾಣುತ್ತಿರಲಿಲ್ಲ. ಆದ್ದರಿಂದ ಕ್ಷಿತಿಜ ಸೂಚಕ, ತಿರುವು ಸೂಚಕ, ಎತ್ತರಮಾಪಕ ಎಲ್ಲವನ್ನೂ ಒಂದರ ಎದುರು ಒಂದಿಟ್ಟು ಓದಬೇಕು. ಹೆಚ್ಚಿನವು ಒಪ್ಪುವ ಮಾತು ನಿಜ.

ಉಪಕರಣ ತರಬೇತಿ ಇನ್ನೂ ಮುಗಿಸದ ಪೈಲಟ್‌ಗಳಲ್ಲಿ ನನ್ನ ಕೋರಿಕೆ ಒಂದೇ. ಮುಂದೆ ಮೋಡ ಕಟ್ಟಿದ್ದರೆ ಕ್ಷಿತಿಜ ಕಾಣುತ್ತಿರುವಾಗಲೇ ಹಿಂದಿರುಗಿ. ಹಾಗೆ ತಡವಾಗಿ ಬಂದವರನ್ನು ಯಾರೂ ಬೈಯಬೇಡಿ. ಅವರು ಮಾಡಿದ್ದೇ ಸರಿ.