ಸಂಗೀತದ ಗ್ರೇಡ್ ಪ್ರಮಾಣಪತ್ರ: ಬ್ರಿಟನ್ನಿನ ವಿ.ವಿ. ಅರ್ಜಿಯಲ್ಲಿ ಬಳಸುವುದು ಹೇಗೆ?

ಪಿಯಾನೊ, ವಯಲಿನ್, ಗಿಟಾರ್ ಕಲಿಯುವ ನಮ್ಮ ಊರುಗಳ ಎಷ್ಟೋ ಮಕ್ಕಳು ಎಬಿಆರ್‌ಎಸ್‌ಎಂ ಅಥವಾ ಟ್ರಿನಿಟಿ ಕಾಲೇಜ್ ಲಂಡನ್ ನಡೆಸುವ ಗ್ರೇಡ್ ಪರೀಕ್ಷೆ ಕಟ್ಟುತ್ತಾರೆ. ಎಂಟನೇ ಗ್ರೇಡ್ ಹತ್ತಿರ ಬರುವ ಹೊತ್ತಿಗೆ ಹನ್ನೆರಡನೇ ತರಗತಿಯೂ ಬಂದಿರುತ್ತದೆ. ಬ್ರಿಟನ್ನಿನಲ್ಲಿ ಪದವಿ ಓದಬೇಕೆಂಬ ಆಸೆಯಿದ್ದರೆ, ಈ ಪ್ರಮಾಣಪತ್ರಕ್ಕೆ ಅಲ್ಲಿ ಬೆಲೆ ಇದೆಯೇ ಎಂದು ತಂದೆತಾಯಿ ಕೇಳುವುದು ಸಹಜ. ಖಂಡಿತ ಇದೆ. ಎಷ್ಟು ಬೆಲೆ ಎಂಬುದನ್ನು ಮಾತ್ರ ನೀವು ಓದಿದ ಬೋರ್ಡ್, ಆರಿಸಿದ ಕೋರ್ಸ್ ಮತ್ತು ವಿಶ್ವವಿದ್ಯಾಲಯದ ಷರತ್ತು ನಿರ್ಧರಿಸುತ್ತವೆ. ಕೆಳಗಿನ ಹಂತಗಳನ್ನು ಅನುಸರಿಸಿದರೆ ಗೊಂದಲವಿರದು.

ಹಂತ 1: ಪಾಯಿಂಟ್ ಲೆಕ್ಕ ತಿಳಿಯಿರಿ

ಬ್ರಿಟನ್ನಿನ ಪದವಿ ಪ್ರವೇಶದ ಅರ್ಜಿಗಳು ಯೂಕಾಸ್ ಎಂಬ ಸಂಸ್ಥೆಯ ಮೂಲಕ ಹೋಗುತ್ತವೆ. ಅದು ಹಲವು ಅರ್ಹತೆಗಳಿಗೆ ಪಾಯಿಂಟ್ ನಿಗದಿ ಮಾಡಿದೆ. ಸಂಗೀತದಲ್ಲಿ 6, 7, 8ನೇ ಗ್ರೇಡ್‌ಗಳಿಗೆ ಮಾತ್ರ ಪಾಯಿಂಟ್ ಉಂಟು. ವಾದನ, ಗಾಯನದ ಪರೀಕ್ಷೆಗಳ ಲೆಕ್ಕ ಹೀಗಿದೆ:

• 6ನೇ ಗ್ರೇಡ್: ಪಾಸ್ 8, ಮೆರಿಟ್ 10, ಡಿಸ್ಟಿಂಕ್ಷನ್ 12
• 7ನೇ ಗ್ರೇಡ್: ಪಾಸ್ 12, ಮೆರಿಟ್ 14, ಡಿಸ್ಟಿಂಕ್ಷನ್ 16
• 8ನೇ ಗ್ರೇಡ್: ಪಾಸ್ 18, ಮೆರಿಟ್ 24, ಡಿಸ್ಟಿಂಕ್ಷನ್ 30

ಥಿಯರಿ ಪರೀಕ್ಷೆಗೆ ಇದಕ್ಕಿಂತ ಕಡಿಮೆ ಪಾಯಿಂಟ್. ಎಬಿಆರ್‌ಎಸ್‌ಎಂನಲ್ಲಿ 6ನೇ ಗ್ರೇಡ್‌ಗೆ ಕೂರುವ ಮುನ್ನ ಸಾಮಾನ್ಯವಾಗಿ 5ನೇ ಗ್ರೇಡ್ ಥಿಯರಿ ಪಾಸಾಗಿರಬೇಕು. ಟ್ರಿನಿಟಿಯಲ್ಲಿ ಆ ಷರತ್ತಿಲ್ಲ. ಥಿಯರಿಯನ್ನು ಮುಂದೂಡುತ್ತಾ ಬಂದ ಮಕ್ಕಳು ಇಲ್ಲಿಯೇ ಒಂದು ವರ್ಷ ಕಳೆದುಕೊಳ್ಳುವ ಸಾಧ್ಯತೆ ಇದೆ.

ಹಂತ 2: ನಿಮ್ಮ ಬೋರ್ಡ್ ಯಾವುದು ನೋಡಿ

ಹೆಚ್ಚಿನವರು ಎಡವುವುದು ಇಲ್ಲಿ. ಎ ಲೆವೆಲ್, ಐಬಿ ಓದಿದವರ ಅಂಕಗಳಿಗೆ ಯೂಕಾಸ್ ಪಾಯಿಂಟ್ ಉಂಟು. ಆದ್ದರಿಂದ ಸಂಗೀತದ ಪಾಯಿಂಟ್‌ಗಳನ್ನು ಅವಕ್ಕೆ ಕೂಡಿಸಬಹುದು. ನಮ್ಮ ಪಿಯುಸಿ, ಸಿಬಿಎಸ್‌ಇ, ಐಎಸ್‌ಸಿ ಅಂಕಗಳು ಆ ಪಟ್ಟಿಯಲ್ಲಿಲ್ಲ. ಇವುಗಳನ್ನು ವಿಶ್ವವಿದ್ಯಾಲಯಗಳು ಶೇಕಡಾವಾರು ಲೆಕ್ಕದಲ್ಲಿ ನೋಡುತ್ತವೆ. ಹಾಗಾಗಿ ಪಿಯುಸಿ ವಿದ್ಯಾರ್ಥಿ ‘8ನೇ ಗ್ರೇಡ್‌ನಿಂದ 30 ಪಾಯಿಂಟ್ ಸಿಕ್ಕಿದೆ, ಅಂಕ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ’ ಎಂದು ನಂಬಿ ಕೂರಬಾರದು. ಅವರ ಪಾಲಿಗೆ ಗ್ರೇಡ್ ಎನ್ನುವುದು ಅರ್ಜಿಗೆ ತೂಕ ಕೊಡುವ ಸಾಧನೆ.

ಹಂತ 3: ಷರತ್ತನ್ನು ಅಕ್ಷರಶಃ ಓದಿ

ಒಂದು ಲೆಕ್ಕ ನೋಡೋಣ. ಎ ಲೆವೆಲ್‌ನಲ್ಲಿ ಬಿ ದರ್ಜೆಗೆ 40, ಸಿ ದರ್ಜೆಗೆ 32 ಪಾಯಿಂಟ್. ಎರಡು ಬಿ, ಒಂದು ಸಿ ಪಡೆದವರಿಗೆ ಒಟ್ಟು 112. ಕೋರ್ಸ್‌ಗೆ ಬೇಕಾದದ್ದು 120 ಪಾಯಿಂಟ್ ಎಂದಿದ್ದರೆ, 8ನೇ ಗ್ರೇಡ್ ಪಾಸಿನ 18 ಸೇರಿ 130 ಆಗುತ್ತದೆ, ಷರತ್ತು ದಾಟಿದಂತೆ. ಅದೇ ಕೋರ್ಸ್ ‘ಮೂರು ಬಿ ಬೇಕು’ ಎಂದು ದರ್ಜೆಯಲ್ಲೇ ಕೇಳಿದ್ದರೆ ಆ 18 ಪಾಯಿಂಟ್ ಸಿ ದರ್ಜೆಯನ್ನು ಬಿ ಮಾಡುವುದಿಲ್ಲ. ಪ್ರವೇಶಕ್ಕೆ ಪೈಪೋಟಿ ಹೆಚ್ಚಿರುವ ವಿಶ್ವವಿದ್ಯಾಲಯಗಳು ಬಹುತೇಕ ದರ್ಜೆಯನ್ನೇ ಕೇಳುತ್ತವೆ. ಪಾಯಿಂಟ್ ಕೇಳುವವರಲ್ಲೂ ಕೆಲವರು ಸಂಗೀತದ ಗ್ರೇಡ್ ಪರಿಗಣಿಸುವುದಿಲ್ಲ. ಆದ್ದರಿಂದ ಪ್ರವೇಶ ವಿಭಾಗಕ್ಕೆ ಇಮೇಲ್ ಬರೆದು ‘ಈ ಕೋರ್ಸ್‌ಗೆ ಈ ಗ್ರೇಡ್ ಲೆಕ್ಕಕ್ಕೆ ಬರುತ್ತದೆಯೇ?’ ಎಂದು ನೇರವಾಗಿ ಕೇಳಿ, ಉತ್ತರವನ್ನು ಜೋಪಾನವಾಗಿಡಿ.

ಹಂತ 4: ಸಂಗೀತವನ್ನೇ ಓದುವುದಾದರೆ

ವಿಶ್ವವಿದ್ಯಾಲಯದ ಸಂಗೀತ ಪದವಿಗೆ 7 ಅಥವಾ 8ನೇ ಗ್ರೇಡ್ ಮಟ್ಟದ ವಾದನ ಕೇಳುವುದು ಸಾಮಾನ್ಯ. ಎ ಲೆವೆಲ್ ಸಂಗೀತ ಓದದವರಿಂದ ಥಿಯರಿ ಪ್ರಮಾಣಪತ್ರ ಕೇಳುವ ಕಡೆಗಳೂ ಇವೆ. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್, ಮ್ಯಾಂಚೆಸ್ಟರ್‌ನ ರಾಯಲ್ ನಾರ್ದರ್ನ್‌ನಂಥ ಕನ್ಸರ್ವೆಟರಿಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆಡಿಷನ್. ಅಲ್ಲಿಗೆ ಯೂಕಾಸ್‌ನ ಪ್ರತ್ಯೇಕ ಕನ್ಸರ್ವೆಟರಿ ಅರ್ಜಿ ಹಾಕಬೇಕು. ದೂರದ ದೇಶದವರಿಗೆ ವಿಡಿಯೊ ಕಳುಹಿಸುವ ಅವಕಾಶ ಹಲವು ಕಡೆ ಇದೆ. ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಗೆ ಮಾತ್ರ ನೇರವಾಗಿ ಅರ್ಜಿ ಸಲ್ಲಿಸಬೇಕು.

ಹಂತ 5: ಪರ್ಸನಲ್ ಸ್ಟೇಟ್‌ಮೆಂಟ್ ಚೆನ್ನಾಗಿ ಬರೆಯಿರಿ

2026ರ ಪ್ರವೇಶದಿಂದ ಯೂಕಾಸ್‌ನ ಈ ಬರಹಕ್ಕೆ ಮೂರು ಪ್ರಶ್ನೆಗಳಿವೆ: ಈ ವಿಷಯ ಏಕೆ ಬೇಕು, ಓದು ನಿಮ್ಮನ್ನು ಹೇಗೆ ಸಿದ್ಧಗೊಳಿಸಿದೆ, ಓದಿನಾಚೆ ಏನು ಮಾಡಿದ್ದೀರಿ. ಮೂರೂ ಸೇರಿ 4,000 ಅಕ್ಷರಗಳ ಮಿತಿ. ಎಂಜಿನಿಯರಿಂಗ್, ಅರ್ಥಶಾಸ್ತ್ರಕ್ಕೆ ಹೋಗುವವರಿಗೆ ಮೂರನೆಯದು ಸಂಗೀತಕ್ಕೆ ತಕ್ಕ ಜಾಗ. ‘8ನೇ ಗ್ರೇಡ್ ಮುಗಿಸಿದ್ದೇನೆ’ ಎಂದಷ್ಟೇ ಬರೆದರೆ ಸಾಲದು. ಕೈಗೆ ಒಗ್ಗದ ಒಂದು ಭಾಗವನ್ನು ಬಿಡಿಬಿಡಿಯಾಗಿ, ನಿಧಾನ ಲಯದಲ್ಲಿ ಹೇಗೆ ಸಾಧಿಸಿದಿರಿ, ಅದೇ ಕ್ರಮ ಗಣಿತದ ಕಷ್ಟದ ಲೆಕ್ಕಕ್ಕೆ ಹೇಗೆ ನೆರವಾಯಿತು ಎಂದು ಬರೆಯಿರಿ.

ನಮ್ಮ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿಗೆ ಯೂಕಾಸ್ ಪಾಯಿಂಟ್ ಇಲ್ಲ. ಹಾಗೆಂದು ಅವನ್ನು ಮುಚ್ಚಿಡಬೇಡಿ. ಓದುವವರಿಗೆ ಕರ್ನಾಟಕ ಸಂಗೀತದ ಪರಿಚಯ ಇರಲಿಕ್ಕಿಲ್ಲ, ಬಿಡಿಸಿ ಹೇಳಿ. ಕಲ್ಪನಾಸ್ವರ ಹಾಡುವಾಗ ಆದಿತಾಳದ ಆವರ್ತಕ್ಕೆ ಲೆಕ್ಕ ಹಾಕಿ, ಪಲ್ಲವಿಯ ಎಡುಪ್ಪಿಗೆ ಸರಿಯಾಗಿ ಬಂದು ಸೇರುವುದು ಆ ಕ್ಷಣದಲ್ಲೇ ನಡೆಯುವ ಮನೋಗಣಿತ. ಹೀಗೆ ಎರಡು ವಾಕ್ಯದಲ್ಲಿ ವಿವರಿಸಿದರೆ ನಿಮ್ಮ ಸಾಧನೆ ಅವರಿಗೆ ಅರ್ಥವಾಗುತ್ತದೆ.

ಹಂತ 6: ದಿನಾಂಕ ತಪ್ಪಿಸಬೇಡಿ

• ಕನ್ಸರ್ವೆಟರಿ ಸಂಗೀತ: ಅಕ್ಟೋಬರ್ ಮೊದಲ ದಿನಗಳು
• ಆಕ್ಸ್‌ಫರ್ಡ್, ಕೇಂಬ್ರಿಡ್ಜ್: ಅಕ್ಟೋಬರ್ 15
• ಉಳಿದ ಬಹುಪಾಲು ಪದವಿಗಳು: ಜನವರಿ ಮಧ್ಯಭಾಗ

ಇವೆಲ್ಲ ಕೋರ್ಸ್ ಶುರುವಾಗುವ ಹಿಂದಿನ ಶರತ್ಕಾಲದಿಂದ ಚಳಿಗಾಲದವರೆಗಿನ ಗಡುವುಗಳು. ಆಯಾ ವರ್ಷದ ದಿನಾಂಕವನ್ನು ಯೂಕಾಸ್ ಜಾಲತಾಣದಲ್ಲಿ ನೋಡಿಕೊಳ್ಳಿ. ಹನ್ನೊಂದನೇ ತರಗತಿಯಲ್ಲೇ 8ನೇ ಗ್ರೇಡ್ ಮುಗಿಸಿದರೆ ಫಲಿತಾಂಶ ಅರ್ಜಿಯಲ್ಲಿ ಸೇರುತ್ತದೆ, ಬೋರ್ಡ್ ಪರೀಕ್ಷೆಯ ಜೊತೆ ಎಳೆದಾಟವೂ ತಪ್ಪುತ್ತದೆ.

ತಂದೆತಾಯಿಗೆ ಕೊನೆಯ ಮಾತು: ಪಾಯಿಂಟ್ ಆಸೆಗೆ ಮಗುವನ್ನು ಗ್ರೇಡ್‌ನಿಂದ ಗ್ರೇಡ್‌ಗೆ ಓಡಿಸಬೇಡಿ. ಬ್ರಿಟನ್ನಿನ ಬಹಳಷ್ಟು ವಿಶ್ವವಿದ್ಯಾಲಯಗಳ ಆರ್ಕೆಸ್ಟ್ರಾ, ಗಾಯನವೃಂದಗಳಲ್ಲಿ ಬೇರೆ ವಿಷಯ ಓದುವವರಿಗೂ ಪ್ರವೇಶವಿದೆ. ಸಂಗೀತವನ್ನು ಪ್ರೀತಿಸಿ ಕಲಿತ ಮಗುವಿಗೆ ಪರ ಊರಿನಲ್ಲಿ ಗೆಳೆಯರು ಸಿಗುವುದು ಅಲ್ಲಿಯೇ. ಸೀಟು ಖಚಿತವಾದ ಮೇಲೆ ಅವುಗಳ ಆಯ್ಕೆ ಯಾವಾಗ ನಡೆಯುತ್ತದೆ ಎಂದು ವಿಚಾರಿಸಿ, ಅಭ್ಯಾಸ ಬಿಡದಂತೆ ನೋಡಿಕೊಳ್ಳಿ.