ದೋಣಿಯ ತೆರಿಗೆ ಹಗುರಾಗಲಿ
ಭೀಮೆಯ ಇತ್ತ ದಡ ಅಕ್ಕಲಕೋಟ, ಅತ್ತ ದಡ ಇಂಡಿ; ಮೇಲಕ್ಕೆ ಹೋದರೆ ಉಜನಿ ಅಣೆಕಟ್ಟಿನ ಹಿನ್ನೀರು. ಸೋಲಾಪುರ ಸೀಮೆಯಲ್ಲಿ ದೋಣಿ ಇಟ್ಟುಕೊಂಡವರೇ, ಒಂದು ಮಾತು ಕೇಳಿ.

ಮೀನುಗಾರಿಕೆ ದೋಣಿಗೆ ಜಿಎಸ್‌ಟಿ ಶೇ. 5. ವಿಹಾರದ ದೋಣಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 40. ಹಾಗಂತ ವಿಹಾರದ ದೋಣಿಗೆ ಹಳೇ ಬಲೆ ಹೊದಿಸಿ ವೇಷ ಹಾಕಿಸಬೇಡಿ, ಮೀನುಗಳೂ ನಂಬೋದಿಲ್ಲ!

ನೇರ ದಾರಿಗಳಿವೆ. ನಾಲ್ವರು ಗೆಳೆಯರು ಕೂಡಿ ಒಂದೇ ದೋಣಿ ಕೊಳ್ಳಿ. ತೆರಿಗೆ ತಲೆಗೆ ಕಾಲುಪಾಲು. ಹತ್ತಿರದ ಓಡಾಟಕ್ಕೆ ಹುಟ್ಟಿನ ದೋಣಿಯೇ ಸಾಕು: ಡೀಸೆಲ್ ಉಳಿಯುತ್ತದೆ, ರಟ್ಟೆ ಗಟ್ಟಿಯಾಗುತ್ತದೆ. ಎಂಜಿನ್ ದೋಣಿಯಾದರೆ 2021ರ ಒಳನಾಡು ಹಡಗು ಕಾಯ್ದೆಯಂತೆ ತಪಾಸಣೆ, ನೋಂದಣಿ, ವಿಮೆ ಮಾಡಿಸಿ. ಕಾಗದ ಸರಿಯಿದ್ದರೆ ದಂಡ ತಪ್ಪುತ್ತದೆ, ಅದೂ ಉಳಿತಾಯವೇ.

ಜೀವರಕ್ಷಕ ಜಾಕೆಟ್ಟಿನಲ್ಲಿ ಮಾತ್ರ ಕಾಸು ಉಳಿಸಬೇಡಿ. 2024ರ ಮೇ 21ರಂದು ಉಜನಿಯಲ್ಲಿ ಬಿರುಗಾಳಿಗೆ ದೋಣಿ ಮಗುಚಿ 6 ಜನ ಮುಳುಗಿಹೋದರು. ಗಾಳಿ ಎದ್ದ ದಿನ ದೋಣಿ ಗೂಟಕ್ಕೇ ಕಟ್ಟಿರಲಿ. ಹತ್ತಿದವರೆಲ್ಲ ದಡ ಸೇರಿದರೇ ಅಂಬಿಗನ ಲೆಕ್ಕ ಚುಕ್ತಾ.